ಬೈಗುಳ ದಡದಲ್ಲೇ ಮುಗಿಯಬೇಕು

ಆ ಅಂಬಿಗನಿಗೆ ಗುಡುಗ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಇಟ್ಟವರ ಕಿವಿ ಮಾತ್ರ ಸರಿಯಾಗಿತ್ತು. ಅವನು ಹೆಂಡತಿಯ ಹತ್ತಿರ ಗುಟ್ಟು ಹೇಳಿದರೆ ಪಕ್ಕದ ಮನೆಯವರು ಅದಕ್ಕೆ ಉತ್ತರ ಕೊಡುತ್ತಿದ್ದರು. ಕೆಲಸ ಕೊಟ್ಟ ಗಂಟಲು ಅದು. ಇಪ್ಪತ್ತೆರಡು ವರ್ಷ ಜನರನ್ನು ಹೊಳೆ ದಾಟಿಸಿದವನು; ಆ ದಡದಲ್ಲಿ ನಿಂತವರಿಗೆ ಈ ದಡದಿಂದ "ನಿಲ್ರೀ, ಬಂದೆ!" ಎಂದು ಕೂಗಬೇಕಿತ್ತು. ಗಾಳಿ ಎದುರು ಬೀಸಿದರೆ ಹೊಟ್ಟೆಯಿಂದ ಕೂಗಬೇಕಿತ್ತು. ಕೂಗಿ ಕೂಗಿ ಗಂಟಲು ಬೆಳೆಯಿತು, ಅದರ ಜೊತೆ ಸಿಟ್ಟೂ ಬೆಳೆಯಿತು.

ಆಮೇಲೆ ಸೇತುವೆ ಬಂತು. ಇಷ್ಟು ವರ್ಷ ದಾಟಿಸಿಕೊಂಡವರು ಒಬ್ಬರಾದರೂ ಸೇತುವೆಯಿಂದ ಬಗ್ಗಿ ನೋಡಿ ಹೇಗಿದ್ದೀಯಪ್ಪಾ ಅನ್ನಲಿಲ್ಲ. ದೋಣಿ ಎರಡು ವರ್ಷ ದಡದಲ್ಲಿ ಬೋರಲು ಬಿದ್ದಿತ್ತು. ಅದರ ಮೇಲೆ ಹೆಂಡತಿ ಬಟ್ಟೆ ಒಣಗಿಸಿದಳು. ಅಷ್ಟರಲ್ಲಿ ಎಲ್ಲೆಲ್ಲಿಂದಲೋ ಕ್ಯಾಮೆರಾ ಹೊತ್ತವರು ಬರತೊಡಗಿದರು. ಅದೇ ದೋಣಿ, ಅದೇ ಹುಟ್ಟು, ಅದೇ ಹೊಳೆ. ಆದರೆ ಈಗ ಬಂದವರಿಗೆ ಆ ದಡ ಬೇಕಿಲ್ಲ. ನಟ್ಟನಡುವೆ ನಿಲ್ಲಿಸು ಅನ್ನುತ್ತಾರೆ.

ನಟ್ಟನಡುವೆ ಒಂದು ಮರಳುದಿಬ್ಬ ಇದೆ. ಬೇಸಿಗೆಯಲ್ಲಿ ನೀರಿಳಿದಾಗ ಮೇಲೇಳುತ್ತದೆ. ಗಿಡವಿಲ್ಲ, ಗಂಟಿಯಿಲ್ಲ, ಬೋಳು ಮರಳು. ಅಲ್ಲಿಗೆ ಬೂದು ಮೈಯ, ಹಳದಿ ಕೊಕ್ಕಿನ ಹಕ್ಕಿಗಳು ಬರುತ್ತವೆ. ತಲೆಗೆ ಕಪ್ಪು ಟೋಪಿ ಇಟ್ಟಂತೆ ಕಾಣುತ್ತವೆ. ಪುಸ್ತಕದಲ್ಲಿ ರೀವ ಅಂತ ಬರೆದಿದೆಯಂತೆ. ದೋಣಿಯವರಿಗೆ ಅದು ಟೋಪಿಹಕ್ಕಿ. ಗೂಡು ಕಟ್ಟುವುದಿಲ್ಲ. ಮರಳಲ್ಲಿ ಎದೆಯಿಂದ ಒಂದು ಗುಳಿ ಒತ್ತಿ, ಮರಳಿನದೇ ಬಣ್ಣದ ಎರಡು ಮೂರು ಮೊಟ್ಟೆ ಇಟ್ಟು ಕೂತುಬಿಡುತ್ತವೆ.

ಮೊದಲ ಬೇಸಿಗೆಯಲ್ಲಿ ಗುಡುಗನಿಗೂ ಬುದ್ಧಿ ಇರಲಿಲ್ಲ. ಬಂದವರು ಹಾರುವ ಹಕ್ಕಿ ಬೇಕು ಅಂದರು, ಇವನು ಹುಟ್ಟನ್ನು ಚಪ್ಪಟೆಯಾಗಿ ನೀರಿಗೆ ಬಡಿದ. ಫಟ್! ಹಕ್ಕಿ ಎದ್ದವು, ಅವರು ಫೋಟೋ ಹೊಡೆದುಕೊಂಡರು, ಇವನ ಬೆನ್ನು ತಟ್ಟಿದರು. ದಿನಕ್ಕೆ ನಾಲ್ಕು ಸಲ ಇದೇ ನಡೆಯಿತು. ವಾರದ ಮೇಲೆ ಯಾರದೋ ಟೋಪಿ ಗಾಳಿಗೆ ಹಾರಿ ದಿಬ್ಬದ ಮೇಲೆ ಬಿತ್ತು. ತರಲು ಇಳಿದ. ನಲವತ್ತು ವರ್ಷ ಚಪ್ಪಲಿ ಕಾಣದ ಅಂಗಾಲು ಅವನದು. ಆ ಕಾದ ಮರಳಿನ ಮೇಲೆ ನಿಲ್ಲಲಾಗದೆ ಕುಣಿದ. ಕುಣಿಯುತ್ತಲೇ ಮೊಟ್ಟೆಗಳನ್ನು ಕಂಡ. ಒಂದರಲ್ಲಿ ಮರಿ ಒಳಗಿಂದ ತೂತು ಮಾಡಿ, ಕೊಕ್ಕಿನ ತುದಿ ಹೊರಗಿಟ್ಟು, ಅಲ್ಲಿಗೇ ಬೆಂದುಹೋಗಿತ್ತು.

ಆ ಹಕ್ಕಿ ನಡುಹಗಲಲ್ಲಿ ಮೊಟ್ಟೆ ಮೇಲೆ ಕೂರುವುದು ನೆರಳು ಕೊಡಲಿಕ್ಕೆ ಎಂಬುದು ಅಂದು ಅವನ ತಲೆಗೆ ಇಳಿಯಿತು. ಅದು ಎದ್ದರೆ ಮೊಟ್ಟೆ ಬಾಣಲೆಗೆ ಬಿದ್ದಂತೆ. ಟೋಪಿ ಕೊಟ್ಟು ಬಂದವನು ಅಂದಿನಿಂದ ನೀರಿಗೆ ಹುಟ್ಟು ಬಡಿಯಲಿಲ್ಲ.

ಅವನ ಭಾವಮೈದ, ಅಂದರೆ ಹೆಂಡತಿಯ ತಮ್ಮ, ಇನ್ನೊಂದು ದೋಣಿ ನಡೆಸುತ್ತಿದ್ದ. ಅವನು ಬಡಿಯುತ್ತಿದ್ದ. ಬಡಿಯುವುದಷ್ಟೇ ಅಲ್ಲ, ದಡದಲ್ಲಿ ನಿಂತು "ಹಾರೋ ಹಕ್ಕಿ ಬೇಕಾದ್ರೆ ಈ ಕಡೆ ಬನ್ನಿ, ಕೂತ ಹಕ್ಕಿ ಸಾಕಾದ್ರೆ ಭಾವನ ದೋಣಿಗೆ ಹೋಗಿ" ಎಂದು ಕರೆಯುತ್ತಿದ್ದ. ಜನ ನಗುತ್ತಾ ಅವನ ದೋಣಿಗೇ ಹತ್ತುತ್ತಿದ್ದರು. ಗುಡುಗನ ಮೈ ಉರಿಯುತ್ತಿತ್ತು. ಉರಿಯದೆ ಇರುತ್ತದೆಯೇ? ಸುಮ್ಮನೆ ಕೂತರೆ ಆ ಹಕ್ಕಿ ತಾನಾಗಿ ತೋರಿಸುವುದೇನು ಕಡಿಮೆಯೇ? ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಳ್ಳುತ್ತದೆ, ಹನಿ ಬೀಳಿಸುತ್ತಾ ಹಾರಿ ಬಂದು ಒದ್ದೆ ಹೊಟ್ಟೆಯನ್ನು ಮೊಟ್ಟೆಯ ಮೇಲೆ ಇಡುತ್ತದೆ. ಎಷ್ಟು ನಾಜೂಕಾಗಿ ಅಂದರೆ, ಜ್ವರ ಬಂದ ಮಗುವಿನ ಹಣೆಗೆ ತಾಯಿ ತಣ್ಣೀರು ಬಟ್ಟೆ ಇಟ್ಟ ಹಾಗೆ. ಅದನ್ನು ನೋಡಲು ಇವರಿಗೆ ಪುರುಸೊತ್ತಿಲ್ಲ. ಇನ್ನೂ ಮೂರು ಜಾಗ ನೋಡಬೇಕು, ಸಂಜೆಯೊಳಗೆ ಊರು ಸೇರಬೇಕು, ಹಕ್ಕಿಯೂ ಇವರ ಗಡಿಯಾರಕ್ಕೆ ಹಾರಬೇಕು!

"ರೀ, ನನ್ನ ತಮ್ಮನ್ನ ದಡದಲ್ಲಿ ಎಲ್ಲರ ಮುಂದೆ ಕತ್ತೆ ಅಂದ್ರಂತೆ?" ಹೆಂಡತಿ ಕೇಳಿದಳು.

"ಯಾರು ಹೇಳಿದ್ದು ನಿಂಗೆ?"

"ಯಾರು ಹೇಳ್ಬೇಕು? ಅಡುಗೆಮನೆಗೇ ಕೇಳಿಸ್ತು."

ಹೀಗಿರುವಾಗ ಒಂದು ದಿನ ಉದ್ದನೆ ಲೆನ್ಸು ಹೊತ್ತ ಒಬ್ಬ ಸಾಹೇಬರು ಬಂದರು. ಎದೆಗೆ ಆರು ಜೇಬು, ಬೆನ್ನಿಗೆ ಎರಡು ಜೇಬು ಇರುವ ಅಂಗಿ. ಭಾವಮೈದನ ಕೂಗಿಗೆ ಅವರು ಬಗ್ಗಲಿಲ್ಲ. ನೇರ ಗುಡುಗನ ಹತ್ತಿರ ಬಂದು, "ಹಕ್ಕಿ ಸ್ವಭಾವ ಬಲ್ಲೋನು ನೀನೇ ಅಂತಾರಲ್ಲ, ನಿನ್ನ ದೋಣೀಲೇ ಹೋಗೋಣ" ಅಂದರು. ಗುಡುಗನ ಎದೆ ಎರಡು ಬೆರಳು ಉಬ್ಬಿತು.

ದಿಬ್ಬ ಇನ್ನೂ ದೂರವಿರುವಾಗ, ಹೊಳೆಯ ಮೇಲುಭಾಗದಲ್ಲೇ ಹುಟ್ಟು ಎತ್ತಿಟ್ಟು ದೋಣಿಯನ್ನು ನೀರಿನ ಓಟಕ್ಕೆ ಬಿಟ್ಟ. ಸದ್ದಿಲ್ಲದೆ ತೇಲುತ್ತಾ ಹತ್ತಿರ ಹೋದರು. ಒಂದು ಹಕ್ಕಿಯೂ ಕದಲಲಿಲ್ಲ. ನೀರಿಗೆ ಹೋಗಿದ್ದ ಹಕ್ಕಿಯೊಂದು ಹೊಟ್ಟೆ ನೆನೆಸಿಕೊಂಡು ಬಂದು ಅವರ ಕಣ್ಣೆದುರೇ ಕೂತಿತು. ಜೇಬಿನ ಸಾಹೇಬರು ಹತ್ತು ಹದಿನೈದು ಫೋಟೋ ತೆಗೆದರು, ಆಕಳಿಸಿದರು.

"ಚೆನ್ನಾಗಿದೆ. ಈಗ ಒಂದ್ಸಲ ಎಬ್ಬಿಸು."

"ಎಬ್ಬಿಸೋ ಹಾಗಿಲ್ಲ ಸಾಹೇಬ್ರೆ. ಮೊಟ್ಟೆ ಇದಾವೆ."

"ಒಂದೇ ಒಂದ್ಸಲ. ಮತ್ತೆ ಬಂದು ಕೂರ್ತಾವಲ್ಲ?"

"ನಿಮ್ಮನ್ನ ಒಂದೇ ಒಂದ್ಸಲ ಒಲೆ ಮೇಲೆ ಕೂರಿಸಿದ್ರೆ ಆಗುತ್ತಾ?"

ಅವರು ನಕ್ಕರು. ಕಾಲ ಹತ್ತಿರ ದೋಣಿಯ ನೀರು ಮೊಗೆದು ಚೆಲ್ಲುವ ತಗಡಿನ ಡಬ್ಬ ಇತ್ತು. ಒಂದು ಕೈಯಲ್ಲಿ ಕ್ಯಾಮೆರಾ ಹಿಡಿದೇ ಇನ್ನೊಂದು ಕೈಯಲ್ಲಿ ಆ ಡಬ್ಬ ಎತ್ತಿ, ದೋಣಿಯ ಅಂಚಿಗೆ ಬಾರಿಸಲು ಹೊರಟರು.

"ಏಯ್! ಇಡ್ರೀ ಕೆಳಗೆ!"

ಹೊಳೆ ದಾಟುತ್ತಿದ್ದ ಹಳೆಯ ಕೂಗು ಅದು, ಹೊಟ್ಟೆಯಿಂದ ಬಂದದ್ದು. ಆ ದಡಕ್ಕೆ ಹೋಗಿ ಬಡಿದು ಮರಳಿ ಬಂತು. ಇಡೀ ದಿಬ್ಬವೇ ಎದ್ದಿತು. ಮರಳನ್ನೇ ಯಾರೋ ಕೊಡವಿದಂತೆ ಇನ್ನೂರು ಹಕ್ಕಿ ಒಂದೇ ಸಲ ಮೇಲಕ್ಕೆ ಚೆಲ್ಲಿದವು. ಜೇಬಿನ ಸಾಹೇಬರು ಡಬ್ಬ ಬಿಟ್ಟು ಕ್ಯಾಮೆರಾ ಎತ್ತಿದರು. ಟರ್ ಟರ್ ಟರ್ ಎಂದು ಅದು ಓಡಿತು.

"ಭೇಷ್!" ಎಂದರು. ಆಮೇಲೆ ಇವನ ಮುಖ ನೋಡಿ, "ನನ್ನನ್ಯಾಕಪ್ಪ ಹಾಗೆ ನೋಡ್ತೀಯ? ನಾನಿನ್ನೂ ಬಾರಿಸೇ ಇರಲಿಲ್ಲ" ಎಂದರು.

ಅದು ನಿಜ. ಆ ನಿಜವೇ ಅವನಿಗೆ ಕೆಂಡ ನುಂಗಿದ ಹಾಗಾಯಿತು. ಹುಟ್ಟು ಹಿಡಿದು ದೋಣಿಯನ್ನು ಹಿಂದಕ್ಕೆ ಎಳೆದ; ತೋಳಿನ ನರ ಹರಿಯುವಷ್ಟು ಎಳೆದ. ದೋಣಿ ದೂರವಾಗದೆ ಹಕ್ಕಿ ಇಳಿಯುವುದಿಲ್ಲ. ಅಷ್ಟರಲ್ಲಿ ಎಲ್ಲಿತ್ತೋ ಒಂದು ಹದ್ದು, ದಿಬ್ಬದ ತುದಿಗೆ ಬಂದಿಳಿದು, ಕಾಲಲ್ಲಿ ಏನನ್ನೋ ಹಿಡಿದುಕೊಂಡು ಹೋಯಿತು. ಸಾಹೇಬರು ಆಗ ತೆಗೆದ ಫೋಟೋಗಳನ್ನು ನೋಡಿಕೊಳ್ಳುತ್ತಾ ಕೂತಿದ್ದರು.

ಮನೆಗೆ ಬಂದವನು ತಟ್ಟೆ ಮುಂದೆ ಕೂತು, ಉಣ್ಣದೆ ಕೈ ತೊಳೆದು ಎದ್ದ. ಜೇಬಿನವನ ವಂಶವನ್ನೆಲ್ಲ ಬೈದ. ಹೆಂಡತಿ ಕೇಳುವಷ್ಟು ಕೇಳಿದಳು.

"ನೀವು ಬೈದಿದ್ದು ಅವನಿಗೆ. ಕೇಳಿಸಿದ್ದು ಅವಕ್ಕೆ" ಅಂದಳು. ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಅವನು ಹೆಗಲಿಗೆ ಟವೆಲ್ಲು ಎಸೆದುಕೊಂಡು ದಡಕ್ಕೆ ಹೋಗಿ ಕೂತ.

ಮಳೆಗಾಲ ಕಳೆದು ಮುಂದಿನ ಬೇಸಿಗೆ ಬಂತು. ದೋಣಿ ಚೀಟಿ ಕೊಡುವ ಶೆಡ್ಡಿನ ಪಕ್ಕ ಆಳುದ್ದದ ಒಂದು ಬೋರ್ಡು ನಿಂತಿತು. ಅದೇ ಫೋಟೋ. ಆಕಾಶದ ತುಂಬ ಹಕ್ಕಿ. ಕೆಳಗೆ ಸಣ್ಣ ಅಕ್ಷರದಲ್ಲಿ, ಅಂಬಿಗನ ಸಹಕಾರಕ್ಕೆ ಕೃತಜ್ಞತೆ ಅಂತ ಬೇರೆ! ಬಂದವರೆಲ್ಲ ಅದರ ಮುಂದೆ ನಿಂತು ಬಾಯಿ ಬಿಡುತ್ತಿದ್ದರು. ಇವನನ್ನು ಹುಡುಕಿಕೊಂಡು ಬಂದು, "ನಮಗೂ ಇಂಥದ್ದೇ ಬೇಕು" ಅನ್ನುತ್ತಿದ್ದರು.

"ನೋಡಿ ಭಾವ," ಭಾವಮೈದ ಹಲ್ಲು ಕಿಸಿದ, "ನನ್ನ ಹುಟ್ಟಿಗೆ ಹೆಚ್ಚಂದ್ರೆ ಐವತ್ತು ಏಳ್ತಾವೆ. ನಿಮ್ಮ ಗಂಟಲಿಗೆ ಊರಿಗೂರೇ ಎದ್ದಿದೆ! ನನಗೂ ಸ್ವಲ್ಪ ಕಲಿಸಿಕೊಡಿ."

ಗುಡುಗ ಬೋರ್ಡನ್ನು ಕಿತ್ತು ಹೊಳೆಗೆ ಎಸೆಯಲೆಂದೇ ಹೋದ. ಎರಡೂ ಕೈಯಿಂದ ಹಿಡಿದ. ಮುಖ ಅದರ ಕೆಳಭಾಗಕ್ಕೆ ತಾಗುವಷ್ಟು ಹತ್ತಿರವಿತ್ತು. ಆಗ ಕಂಡಿತು. ಹಕ್ಕಿಗಳ ಕೆಳಗೆ ಬೋಳು ಮರಳು, ಮರಳಿನ ಮೇಲೆ ಚುಕ್ಕೆಗಳು. ಎರಡೆರಡು, ಮೂರು ಮೂರು. ಮೂಲೆಯಲ್ಲಿ ಆಗಲೇ ದಿಬ್ಬದ ಕಡೆ ತಿರುಗಿದ್ದ ಹದ್ದು. ಇಷ್ಟು ಜನ ನೋಡಿದ್ದಾರೆ, ಒಬ್ಬರೂ ಕೆಳಗೆ ನೋಡಿಲ್ಲ. ಕೈ ಸಡಿಲಿಸಿದ. ತಿರುಗಿ ಭಾವಮೈದನ ಕುತ್ತಿಗೆಪಟ್ಟಿ ಹಿಡಿದು ಎಳೆದು ತಂದ.

"ಇವೇನು ಹೇಳು."

"ಕಲ್ಲು."

"ನಿನ್ನ ತಲೆ ಕಲ್ಲು! ಬಾ ಇಲ್ಲಿ. ಈ ಮರಳ ಮೇಲೆ ಅಂಗೈ ಇಡು. ಹತ್ತು ಎಣಿಸು."

"ಭಾವ, ಸುಡುತ್ತೆ."

"ಇಡೋ!"

ಅವನು ಆರಕ್ಕೇ ಕೈ ಕಿತ್ತುಕೊಂಡ. ಬಾಯಿಗಿಟ್ಟು ಊದಿಕೊಂಡ. ಬೋರ್ಡನ್ನು ಇನ್ನೊಮ್ಮೆ ನೋಡಿದ. ಮತ್ತೆ ತಮಾಷೆ ಮಾಡಲಿಲ್ಲ. ಅಂದು ಮಧ್ಯಾಹ್ನ ಅವನ ದೋಣಿಯಿಂದ ಫಟ್ ಸದ್ದು ಬರಲಿಲ್ಲ. ಕೈ ಸುಟ್ಟದ್ದಕ್ಕೋ, ಅಕ್ಕನಿಗೆ ಹೆದರಿಯೋ, ಯಾವುದಕ್ಕಾದರೇನು, ಬರಲಿಲ್ಲ.

ಅಂದಿನಿಂದ ಗುಡುಗ ಒಂದು ನಿಯಮ ಮಾಡಿದ. ಎರಡೂ ದೋಣಿಗೆ ಹತ್ತುವವರು ಮೊದಲು ಆ ಬೋರ್ಡಿನ ಮುಂದೆ ಸಾಲಾಗಿ ನಿಂತು ಬೈಸಿಕೊಳ್ಳಬೇಕು. ತಪ್ಪು ಮಾಡಿಲ್ಲವಲ್ಲ ಅಂದರೆ, "ಮಾಡ್ತೀರಿ, ಅದಕ್ಕೇ ಈಗಲೇ ಬೈತಿದೀನಿ. ನೀರಿಗಿಳಿದ ಮೇಲೆ ನಾನು ಬಾಯಿ ಬಿಡೋ ಹಾಗಿಲ್ಲ" ಅನ್ನುತ್ತಿದ್ದ. ಕಾರಿನ ಹಾಡಿಗೆ ಬೈಯುತ್ತಿದ್ದ, ಚಪ್ಪಾಳೆಗೆ ಬೈಯುತ್ತಿದ್ದ, ಎಸೆಯಬೇಕೆಂದಿರುವ ಕಲ್ಲಿಗೆ ಬೈಯುತ್ತಿದ್ದ. ಕೊನೆಗೆ ಚುಕ್ಕೆಗಳ ಮೇಲೆ ಬೆರಳಿಟ್ಟು, "ಇದನ್ನ ಮಾಡಿದ್ದು ಈ ಗಂಟಲು" ಎಂದು ತನ್ನ ಕುತ್ತಿಗೆಯನ್ನೇ ತಟ್ಟಿಕೊಳ್ಳುತ್ತಿದ್ದ. ಆಮೇಲೆ ಎಲ್ಲರ ಅಂಗೈ ಮರಳಿಗೆ. ಹತ್ತರವರೆಗೆ ಎಣಿಸಿದವರು ಇನ್ನೂ ಹುಟ್ಟಿಲ್ಲ. ಕೆಲವರು ಮುನಿಸಿಕೊಂಡು ವಾಪಸ್ಸು ಹೋದರು. ಹೋಗಲಿ, ಹೋದರೆ ಹೊಳೆಗೇನು ನಷ್ಟ?

ಆ ಬೇಸಿಗೆ ಮುಗಿಯುವ ಹೊತ್ತಿಗೆ ಜೇಬಿನ ಸಾಹೇಬರೂ ಬಂದರು. ಬೋರ್ಡಿನ ಪಕ್ಕ ನಗುತ್ತಾ ನಿಂತು ಯಾರಿಂದಲೋ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಗುಡುಗ ಹತ್ತಿರ ಹೋದ.

"ಸಾಹೇಬ್ರೆ, ನಿಮ್ಮ ಫೋಟೋದಲ್ಲಿ ಕೆಳಗಿರೋದು ಏನು?"

ಅವರು ಬಗ್ಗಿ ನೋಡಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ನಗು ಇಳಿಯಿತು.

"ಕಲ್ಲು ಅಂದ್ಕೊಂಡಿದ್ದೆ" ಎಂದರು ಮೆಲ್ಲಗೆ.

"ಕೈ ಇಡಿ."

ಅವರು ಮರಳಿಗೆ ಕೈ ಇಟ್ಟರು. ನಾಲ್ಕಕ್ಕೆ ತೆಗೆದರು. ಗುಡುಗನಿಗೆ ಇಡೀ ವರ್ಷ ಕೂಡಿಟ್ಟ ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಎಲ್ಲವನ್ನೂ ಅಲ್ಲೇ ಸುರಿದ, ಒಂದನ್ನೂ ಉಳಿಸಿಕೊಳ್ಳಲಿಲ್ಲ. ಸೇತುವೆಯ ಮೇಲೆ ಹೋಗುತ್ತಿದ್ದವರು ನಿಂತು ಬಗ್ಗಿ ನೋಡಿದರು. ಬೈದು ಮುಗಿಸಿ, "ಹತ್ತಿ ದೋಣಿ" ಅಂದ.

ದಿಬ್ಬ ಹತ್ತಿರ ಬರುತ್ತಿದ್ದಂತೆ ಹೆಗಲ ಮೇಲಿನ ಟವೆಲ್ಲಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಕಚ್ಚಿ ಹಿಡಿದ. ಆ ವರ್ಷ ನೀರಿನ ಮೇಲೆ ಅವನ ಬಾಯಿ ಕಟ್ಟುತ್ತಿದ್ದದ್ದು ಅದೇ. ಸಾಹೇಬರು ಕ್ಯಾಮೆರಾ ಎತ್ತಿದರು. ಇವನ ಕುತ್ತಿಗೆಯ ನರ ಹಗ್ಗದಂತೆ ಉಬ್ಬಿತು, ಕಣ್ಣು ಕೆಂಪಾಯಿತು, ಹಲ್ಲು ಟವೆಲ್ಲಿಗೆ ಇನ್ನೂ ಇಳಿಯಿತು. ದೋಣಿ ಸದ್ದಿಲ್ಲದೆ ತೇಲಿತು. ಒದ್ದೆ ಹೊಟ್ಟೆಯ ಹಕ್ಕಿಯೊಂದು ಅವರ ತಲೆಯ ಮೇಲೆ ಹನಿ ಉದುರಿಸಿಕೊಂಡು ಹೋಗಿ ತನ್ನ ಗುಳಿಯಲ್ಲಿ ಕೂತಿತು. ಉಳಿದವು ಕೂತಲ್ಲೇ ಕೂತಿದ್ದವು. ಸಾಹೇಬರ ಕ್ಯಾಮೆರಾ ಒಂದೇ ಸಲ ಟಿಕ್ ಅಂದಿತು.

ಸಂಜೆ ಹೆಂಡತಿ ಆ ಟವೆಲ್ಲನ್ನು ಒಗೆಯಲು ತೆಗೆದುಕೊಂಡು ಬೆಳಕಿಗೆ ಹಿಡಿದಳು.

"ಈ ಬೇಸಿಗೇಲಿ ಇದು ಮೂರನೇದು. ತೂತು ನೋಡಿ! ಇಷ್ಟು ಸಿಟ್ಟು ಯಾರ ಮೇಲ್ರೀ?"

"ನಿನ್ನ ತಮ್ಮನ ಮೇಲೆ" ಎಂದ ಗುಡುಗ. ಪಕ್ಕದ ಮನೆಯವರು ನಕ್ಕಿದ್ದು ಕೇಳಿಸಿತು.