ವರ್ಗಮೂಲಕ್ಕೆ ಕೆಂಪು ನೇಲ್ ಪಾಲಿಶ್

ನನ್ನ ರವಿವಾರಗಳನ್ನು ಗಂಡ ತಿಂದ, ಅತ್ತೆ ತಿಂದರು ಅಂತ ಹೇಳಿದರೆ ಪಾಪ ಬಂದೀತು. ತಿಂದದ್ದು ವರ್ಗಮೂಲದ ಚಿಹ್ನೆ.

ನಿಪ್ಪಾಣಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತೇನೆ. ಕಂಪ್ಯೂಟರಿನಲ್ಲಿ ಗಣಿತದ ಪ್ರಶ್ನೆಪತ್ರಿಕೆ ಟೈಪ್ ಮಾಡಲು ನನಗೆ ಬರುತ್ತದೆ ಎಂಬ ಸುದ್ದಿ ಅದು ಹೇಗೋ ಹಬ್ಬಿಬಿಟ್ಟಿತು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಕಡೆಯ ಮಾಸ್ತರರೆಲ್ಲ ಪತ್ರಿಕೆಯನ್ನು ಕೈಯಲ್ಲಿ ಬರೆದು, ಫೋಟೋ ತೆಗೆದು, ಶನಿವಾರ ಸಂಜೆ ನನ್ನ ಮೊಬೈಲಿಗೆ ಕಳಿಸತೊಡಗಿದರು. ಕೆಳಗೆ ಒಂದೇ ಸಾಲು: "ಅಕ್ಕೋರ, ಎರಡ ನಿಮಿಷದ ಕೆಲಸ್ರಿ." ಎರಡು ನಿಮಿಷವಂತೆ! ಒಂದು √ ಬೇಕೆಂದರೆ ಚಿಹ್ನೆಗಳ ಪೆಟ್ಟಿಗೆ ತೆರೆದು, ಜೋಳದಲ್ಲಿ ಹರಳು ಆರಿಸಿದಂತೆ ಹುಡುಕುತ್ತ ಕೂಡಬೇಕು. ಹುಡುಕಿ ಹಾಕಿದ ಮೇಲೆ ಮುಂದಿನ ಪ್ರಶ್ನೆಯಲ್ಲಿ ಮತ್ತೆ ಅದೇ √.

"ಊರ ಉಸಾಬರಿ ಮಾಡಿ ಮುಲ್ಲಾ ಸೊರಗಿದ್ನಂತ," ಎಂದು ನಮ್ಮ ಮನೆಯವರು ಚಹಾ ಹೀರುತ್ತ ಅನ್ನುವರು. ಆ ಚಹಾ ಮಾಡಿದವಳೂ ನಾನೇ.

ನನಗೆ 'ಆಗುವುದಿಲ್ಲ' ಅನ್ನಲು ಬಾಯಿ ಬರುವುದಿಲ್ಲ. ಹಾಗೆನ್ನುವುದಕ್ಕಿಂತ ಒಂದು ಯಂತ್ರ ಮಾಡುವುದೇ ಸುಲಭ ಅನ್ನಿಸಿತು ಎಂದರೆ ನನ್ನ ಸ್ವಭಾವ ನಿಮಗೆ ತಿಳಿದೀತು. ಗಣಿತದ ಚಿಹ್ನೆಗಳಷ್ಟೇ ಇರುವ ಒಂದು ಕೀಪ್ಯಾಡು ಮಾಡಿಕೊಟ್ಟರೆ ಯಾರ ಪತ್ರಿಕೆಯನ್ನು ಅವರೇ ಟೈಪ್ ಮಾಡಿಕೊಂಡಾರು, ನನ್ನ ರವಿವಾರ ನನಗೆ ಉಳಿದೀತು. ಅಷ್ಟೇ ಆಸೆ.

ಅಂಕಿಗಳಷ್ಟೇ ಇರುವ ಪುಟ್ಟ ಕೀಪ್ಯಾಡು ಒಂದು ತಂದೆ. ಯಾವ ಚಿಹ್ನೆಗೆ ಯಾವ ಕೀ ಎಂದು ಕಂಪ್ಯೂಟರಿಗೆ ಕಲಿಸುತ್ತ ಬೇಸಿಗೆ ಸೂಟಿಯೆಲ್ಲ ತಲೆ ಕೆಡಿಸಿಕೊಂಡೆ. ಸೊನ್ನೆಯ ಕೀ ಅಗಲವಾಗಿರುತ್ತದೆ. ವರ್ಗಮೂಲದ ತಲೆಯ ಮೇಲೂ ಉದ್ದ ಗೆರೆ ಇರುತ್ತದೆ. ಅದನ್ನು ಅಲ್ಲಿ ಕೂಡಿಸಿದೆ. ಬಲಗಡೆಯ ಎತ್ತರದ ಕೀ ಭಿನ್ನರಾಶಿಗೆ: ಒತ್ತಿದರೆ ಸಾಕು, ಮೇಲೊಂದು ಕೆಳಗೊಂದು ಖಾಲಿ ಮನೆ. π, θ, ∠, △ ನಡುವೆ. ಲೆಕ್ಕದ ಕೊನೆಗೆ ಬರುವ ∴ ಕೊನೆಯ ಮೂಲೆಗೆ. ಹಳೆಯ ಅಂಕಿಗಳನ್ನು ಉಜ್ಜಿ ತೆಗೆದು, ನನ್ನ ಕೆಂಪು ನೇಲ್ ಪಾಲಿಶಿನಿಂದ ಬೆಂಕಿಕಡ್ಡಿಯ ತುದಿಯಲ್ಲಿ ಒಂದೊಂದೇ ಚಿಹ್ನೆ ಬರೆದೆ. ಎಷ್ಟು ಚೆಂದ ಕಾಣುತ್ತಿತ್ತೆಂದರೆ, ನನಗೇ ನನ್ನ ಬಗ್ಗೆ ಪ್ರೀತಿ ಉಕ್ಕಿತು.

ಶಾಲೆ ಶುರುವಾದ ಮೇಲೆ ಸುತ್ತಲಿನ ಮಾಸ್ತರರ ಸಭೆಯಲ್ಲಿ ಅದನ್ನು ಮೇಜಿನ ಮೇಲಿಟ್ಟೆ. ಯಾರೂ ಮುಟ್ಟಲಿಲ್ಲ, ಸಲಹೆ ಮಾತ್ರ ಕೊಟ್ಟರು.

"ಮ್ಯಾಲೆ 'ಶ್ರೀ' ಅನ್ನೂದೊಂದ ಕೀ ಇರ್ಲಿ, ಶುರು ಮಾಡಾಕ," ಎಂದರು ನಮ್ಮ ಹೆಡ್‌ಮಾಸ್ತರರು.

"ಪ್ರಶ್ನೆ ಬಂತು, ಖರೆ. ಉತ್ತರ ಬರೂ ಕೀ ಯಾವುದ್ರಿ?" ಎಂದರು ಅಕ್ಕೋಳದ ಹಿರಿಯ ಗಣಿತ ಮಾಸ್ತರರು.

ಮರಾಠಿ ಶಾಲೆಯ ಸರ್ ತಮ್ಮ ಮಾಧ್ಯಮಕ್ಕೆ ಬೇರೆ ಕೀಪ್ಯಾಡು ಬೇಕೆಂದರು.

"π ಎರಡೂ ಕಡೆ ಒಂದ ಅಲ್ಲೇನ್ರಿ ಸರ್?" ಎಂದೆ.

"ಒಂದ ರಿ. ಆದ್ರೂ ಬ್ಯಾರೆ ಇರ್ಲಿ."

ಕೊನೆಗೆ ಎಲ್ಲರೂ ಒಪ್ಪಿದ ಒಂದೇ ಠರಾವು ನನ್ನ ಸತ್ಕಾರ. ಶಾಲು ಹೊದಿಸಿದರು, ಕಾಯಿ ಕೊಟ್ಟರು, ನನ್ನ ತಲೆಗೆ ಕೇಸರಿ ಫೇಟಾ ಸುತ್ತಿದರು. ಭಾಷಣಗಳು ಮುಗಿದ ಮೇಲೆ ಹೆಡ್‌ಮಾಸ್ತರರು ಕೀಪ್ಯಾಡನ್ನು ಎರಡೂ ಕೈಯಿಂದ ಎತ್ತಿ, ಖೋಖೋ ಶೀಲ್ಡುಗಳ ಪಕ್ಕ ಗಾಜಿನ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು.

"ಸರ್, ಅದು ಟೈಪ್ ಮಾಡಾಕ," ಎಂದೆ.

"ಇಂಥಾದ್ದ ಮಂದಿ ಕೈಯಾಗ ಕೊಡ್ತಾರೇನ್ರಿ ಅಕ್ಕೋರ? ಕೆಡಸ್ತಾರ! ತಪಾಸಣಿಗೆ ಸಾಹೇಬ್ರು ಬಂದಾಗ ತೋರ್ಸೂಣು."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಸುಳ್ಳಲ್ಲ. ಆ ಶನಿವಾರ ಸಂಜೆ ಅಕ್ಕೋಳದ ಮಾಸ್ತರರ ಫೋಟೋ ಬಂತು. "ಅಕ್ಕೋರ, ಎರಡ ನಿಮಿಷದ ಕೆಲಸ್ರಿ. ಈಗಂತೂ ನಿಮ್ಮ ಕಡೆ ಮಶೀನನ ಐತಿ." ಅವರನ್ನು ನೋಡಿ ಉಳಿದವರೂ ಕಳಿಸಿದರು. ಮೊದಲು ಅಂಜಿ ಸುಮ್ಮನಿದ್ದವರೂ ಈಗ ಮಶೀನಿನ ಧೈರ್ಯದ ಮೇಲೆ ಕಳಿಸಿದರು. ನಾನು ಮತ್ತೆ ಹರಳು ಆರಿಸುತ್ತ ಕೂತೆ.

ದಸರಾ ಬಂತು. ನಮ್ಮ ಕಡೆ ಖಂಡೇಪೂಜೆಗೆ ಕುಡಗೋಲು, ಟ್ರ್ಯಾಕ್ಟರು, ಹೊಲಿಗೆ ಮಶೀನು ಎಲ್ಲವನ್ನೂ ತೊಳೆದು ಪೂಜಿಸುತ್ತಾರೆ. ಶಾಲೆಯ ಹತ್ಯಾರವೆಂದು ಕಪಾಟಿನಿಂದ ಕೀಪ್ಯಾಡು ಹೊರಬಂತು. ಭಂಡಾರದ ಅರಿಶಿನ ಎರಚಿದರು, ಪ್ರತಿ ಕೀಗೂ ಕುಂಕುಮ ಇಟ್ಟರು. ನಾನು ಬ್ಯಾಡ್ರಿ ಬ್ಯಾಡ್ರಿ ಅನ್ನುವಷ್ಟರಲ್ಲಿ ಹೆಡ್‌ಮಾಸ್ತರರು ಕಾಯಿ ಒಡೆದು ನೀರನ್ನು ಸೀದಾ ಅದರ ಮೇಲೇ ಸುರಿದರು. ಸೂಟಿ ಕಳೆದು ಕಂಪ್ಯೂಟರಿಗೆ ಜೋಡಿಸಿ ನೋಡಿದರೆ ಒಂದು ಕೀಯೂ ಉಸಿರೆತ್ತಲಿಲ್ಲ. ವರ್ಗಮೂಲ ಒತ್ತಿದ್ದು ಮೇಲೇಳಲೇ ಇಲ್ಲ. ಒಂದೇ ಒಂದು ಪತ್ರಿಕೆಯೂ ಅದರಲ್ಲಿ ಟೈಪಾಗಿರಲಿಲ್ಲ. ಬಾತ್‌ರೂಮಿಗೆ ಹೋಗಿ ಅತ್ತೆ. ಹೆಡ್‌ಮಾಸ್ತರರು ಅದನ್ನು ಒರೆಸಿ ತಿರುಗಿ ಕಪಾಟಿನಲ್ಲಿಟ್ಟರು. ತೋರಿಸಲು ಅದು ಸಾಕಿತ್ತು.

ಮುಂದಿನ ಪರೀಕ್ಷೆಯ ಹೊತ್ತಿಗೆ ಒಂದು ರವಿವಾರ ಮುಂಜಾನೆ ಮನೆಯ ಕಪಾಟು ಹಸನು ಮಾಡುವಾಗ ಆ ನೇಲ್ ಪಾಲಿಶಿನ ಬಾಟಲಿ ಸಿಕ್ಕಿತು. ತಳದಲ್ಲಿ ಇಷ್ಟೇ ಇಷ್ಟು ಉಳಿದಿತ್ತು. ಹೊಸ್ತಿಲ ಮೇಲೆ ಕೂತು ಉಗುರಿಗೆ ಹಚ್ಚಿಕೊಂಡೆ, ಹತ್ತೂ ಬೆರಳಿಗೆ. ಮದುವೆಯಾದ ಮೇಲೆ ಹಾಗೆ ಕೂತದ್ದು ನೆನಪಿಲ್ಲ. ಅಷ್ಟರಲ್ಲಿ ಫೋನು ರಿಂಗಾಯಿತು. ನಮ್ಮ ಮನೆಯವರು ಎತ್ತಿ ನನ್ನ ಕಿವಿಗೆ ಹಿಡಿದರು. ಅಕ್ಕೋಳದ ಮಾಸ್ತರರು.

"ಅಕ್ಕೋರ, ಪೇಪರ್ ಕಳಿಸೀನ್ರಿ. ಎರಡ ನಿಮಿಷದ ಕೆಲಸ."

"ಆಗಂಗಿಲ್ರಿ ಸರ್," ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ನೇಲ್ ಪಾಲಿಶ್ ಹಚ್ಚೀನಿ. ಇನ್ನಾ ಹಸಿ ಐತಿ."

"ಒಣಗೂದು ಯಾವಾಗ್ರಿ?"

"ಪರೀಕ್ಷಾ ಮುಗದ ಮ್ಯಾಲೆ ಒಣಗತೈತ್ರಿ."