ಬಿಂದಿಗೆಯ ಮೇಲೆ ಕೂತವರು ಯಾರು

ಮೊಮ್ಮಗಳು ತನ್ನ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ನನ್ನ ಮುಂದೆ ಇಟ್ಟಾಗ ನಾನು ಅವರೆಕಾಯಿ ಸುಲಿಯುತ್ತಿದ್ದೆ.

"ಅಜ್ಜಿ, ನಿನ್ ಪಾಡಿಗೆ ನೀನು ಸುಲೀತಾ ಮಾತಾಡು. ಕ್ಯಾಮೆರಾ ನೋಡ್ಬೇಡ."

"ನೋಡಿದ್ರೆ ಏನಾಗುತ್ತೆ? ಒಡೆದೋಗುತ್ತಾ?"

"ಅಜ್ಜೀ, ಇದು ಕಾಲೇಜ್ ಕೆಲಸ ಕಣೇ. ಆಟ ಆಡ್ಬೇಡ."

ಅವಳು ನಾಗರಬಾವಿಯ ಕಡೆ ಒಂದು ಕಾಲೇಜಿನಲ್ಲಿ ಪತ್ರಿಕೋದ್ಯಮ ಓದುತ್ತಾಳೆ. ಅಲ್ಲಿ ವಿದ್ಯಾರ್ಥಿಗಳೇ ಸೇರಿ ನಾಲ್ಕು ಪುಟದ ಒಂದು ಪತ್ರಿಕೆ ತರುತ್ತಾರೆ. ಸುದ್ದಿ ತರುವವರು, ತಿದ್ದುವವರು, ಪುಟ ಕಟ್ಟುವವರು ಎಲ್ಲ ಅವರೇ. ಆ ಸಂಚಿಕೆಗೆ ಇವಳು ಸಂಪಾದಕಿ. ವಿಷಯ, ನಮ್ಮ ಏರಿಯಾದ ನೀರು. ವಿಜಯನಗರದಲ್ಲಿ ನಾವು ಮನೆ ಕಟ್ಟಿದ ಹೊಸದರಲ್ಲಿ ನೀರಿಗೆ ಏನು ಮಾಡುತ್ತಿದ್ದೆವು ಎಂದು ಕೇಳಿದಳು.

ನಾನು ಹೇಳಿದೆ. ಬೀದಿಗೊಂದೇ ನಲ್ಲಿ, ಅದೂ ದಿನ ಬಿಟ್ಟು ದಿನ. ಒಮ್ಮೆ ವಾರವಿಡೀ ನೀರು ಬರಲಿಲ್ಲ. ಎಂಟನೆಯ ದಿನ ಜಲಮಂಡಳಿ ಎಂಜಿನಿಯರರ ಜೀಪು ನಮ್ಮ ರಸ್ತೆಗೆ ಬಂತು. ಅದರ ಮುಂದೆ ಖಾಲಿ ಬಿಂದಿಗೆ ಬೋರಲು ಹಾಕಿ, ಅದರ ಮೇಲೆ ಒಬ್ಬಳು ಹೆಂಗಸು ಕೂತುಬಿಟ್ಟಳು. ನೀರು ಬಿಡುವವರೆಗೆ ಜೀಪು ಅಲುಗಾಡಲು ಬಿಡುವುದಿಲ್ಲ ಎಂದಳು. ಬಿಸಿಲಲ್ಲಿ ಮೂರು ಗಂಟೆ ಕೂತಳು. ನೀರು ಬಂತು.

ಇಷ್ಟೂ ನಿಜ. ಆಮೇಲೆ ಮೊಮ್ಮಗಳು ಕಣ್ಣು ಅಗಲ ಮಾಡಿ, "ಯಾರಜ್ಜಿ ಅದು?" ಎಂದು ಕೇಳಿದಳು.

ನನ್ನ ಕೈಯಲ್ಲಿದ್ದ ಅವರೆಕಾಯಿ ಟಕ್ಕೆಂದು ಬಿಚ್ಚಿಕೊಂಡಿತು. "ಇನ್ಯಾರು, ನಿಮ್ಮಜ್ಜಿ" ಎಂದೆ.

ಈ ಸುಳ್ಳು ಅವತ್ತು ಹುಟ್ಟಿದ್ದಲ್ಲ. ನಮ್ಮ ಭಜನೆ ಗುಂಪಿನಲ್ಲಿ ಹತ್ತಾರು ಸಲ ಹೇಳಿ ಹೇಳಿ ಸವೆಸಿದ್ದೆ. ಪ್ರತಿ ಸಲ ಬಿಸಿಲು ಸ್ವಲ್ಪ ಜಾಸ್ತಿಯಾಗುತ್ತಿತ್ತು, ಎಂಜಿನಿಯರು ಇನ್ನಷ್ಟು ಬಗ್ಗಿ ಕೈ ಮುಗಿಯುತ್ತಿದ್ದರು. ಹೆಂಗಸರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಯಾರಿಗೂ ನಷ್ಟವಿರಲಿಲ್ಲ.

ಎರಡು ದಿನದ ಮೇಲೆ ಮಧ್ಯಾಹ್ನ ಒಂದೂವರೆಗೆ ಭಜನೆಯ ಗೆಳತಿ ಫೋನ್ ಮಾಡಿದಳು. ಎರಡು ರಸ್ತೆ ಆಚೆ ಅವಳ ಮನೆ.

"ನಿಮ್ ಮೊಮ್ಮಗಳು ಫೋನ್ ಮಾಡಿದ್ಲು ರೀ. ಆಂಟಿ, ಅಜ್ಜಿ ಬಿಂದಿಗೆ ಮೇಲೆ ಕೂತಿದ್ದು ನಿಜಾನಾ ಅಂತ ಕೇಳಿದ್ಲು. ನಾನು ನಿಮ್ಮನ್ನ ಬಿಟ್ಕೊಡ್ತೀನಾ? ಕಣ್ಣಾರೆ ನೋಡಿದೀನಮ್ಮಾ ಅಂದೆ."

"ನೀವೆಲ್ಲಿ ನೋಡಿದ್ರಿ? ನೀವು ಈ ಏರಿಯಾಗೆ ಬಂದಿದ್ದೇ ಅದಾಗಿ ಹತ್ತು ವರ್ಷಕ್ಕಲ್ವಾ?"

"ಅವಳೇನು ಅದನ್ನ ಕೇಳಿದ್ಲಾ? ಕೇಳಿ, ಇನ್ನೊಂದು ಬಿಂದಿಗೆ ಮೇಲೆ ನಾನೂ ಕೂತಿದ್ದೆ ಅಂತ್ಲೂ ಸೇರಿಸಿದೀನಿ."

ಮೊದಲು ಹೊಟ್ಟೆ ಹಿಡಿದು ನಕ್ಕೆ. ಫೋನ್ ಇಟ್ಟ ಮೇಲೆ ಒಂದು ಮಾತು ನೆನಪಾಯಿತು. ಮೊಮ್ಮಗಳು ಮನೆಯಲ್ಲಿ ಸಾವಿರ ಸಲ ಹೇಳಿದ್ದಳು: ಒಬ್ಬರು ಹೇಳಿದರೆ ಸುದ್ದಿಯಲ್ಲ, ಇಬ್ಬರಾದರೂ ಬೇರೆ ಬೇರೆಯಾಗಿ ಹೇಳಬೇಕು. ಅದು ಅವರ ಮೇಡಂ ಹಾಕಿದ ನಿಯಮ. ಅದನ್ನೇ ಪಾಲಿಸಲು ಹೋಗಿ ಅವಳು ನನ್ನ ಗೆಳತಿಯನ್ನು ಕೇಳಿದ್ದಳು. ನಮ್ಮ ಗುಂಪಿನಲ್ಲಿ ಯಾರಾದರೂ ಹೊರಗಿನವರು ಒಬ್ಬಳ ಮಾತು ನಿಜವೇ ಎಂದು ಕೇಳಿದರೆ ಉಳಿದವರೆಲ್ಲ ಹೌದು ಎನ್ನುವುದು ವಾಡಿಕೆ ಎಂಬುದು ಆ ಮಗುವಿಗೇನು ಗೊತ್ತು?

ಇನ್ನೊಂದು ಮಾತೂ ನೆನಪಿಗೆ ಬಂತು. ಹಿಂದಿನ ಸೆಮಿಸ್ಟರಿನಲ್ಲಿ ಅವಳ ಸಹಪಾಠಿಯೊಬ್ಬ ಯಾರೂ ಆಡದ ಮಾತನ್ನು ಆಡಿದರೆಂದು ಬರೆದಿದ್ದ. ಅದು ಅಚ್ಚಾದ ಮೇಲೆ ಸಿಕ್ಕಿಬಿತ್ತು. ಮೇಡಂ ಅವನನ್ನು ಪತ್ರಿಕೆಯಿಂದಲೇ ತೆಗೆದುಹಾಕಿದರು. "ಈಗ ಅವನು ಏನೇ ಬರೆದ್ರೂ ಯಾರೂ ನಂಬಲ್ಲ ಅಜ್ಜಿ" ಎಂದಿದ್ದಳು ಇವಳು, ಚಪಾತಿ ಮುರಿಯುತ್ತಾ. ಅವಳ ಅಪ್ಪ ಅಮ್ಮನಿಗೆ ಕಾಮರ್ಸ್ ಬೇಕಿತ್ತು. ಅವಳು ಹಟ ಹಿಡಿದು ಇದನ್ನು ತೆಗೆದುಕೊಂಡವಳು.

ಅವತ್ತೇ ಪುಟಗಳು ಪ್ರೆಸ್ಸಿಗೆ ಹೋಗುವ ದಿನ. ನಾಲ್ಕು ಗಂಟೆಗೆ.

ಎದುರಿಗೆ ನಿಂತು ಹೇಳುವ ಧೈರ್ಯ ನನಗಿರಲಿಲ್ಲ. ಕರೆ ಮಾಡಿದರೂ ಧ್ವನಿ ಕೇಳಬೇಕಲ್ಲ. ಹಾಗಾಗಿ ಟೈಪ್ ಮಾಡಲು ಕೂತೆ. ಅವಳೇ ತಿಂಗಳ ಹಿಂದೆ ಕಲಿಸಿದ್ದ ವಿದ್ಯೆ. ಒಂದೊಂದೇ ಅಕ್ಷರ ಹುಡುಕಿ ಒತ್ತಬೇಕು, ಒತ್ತಕ್ಷರ ಬಂದರೆ ಬೆವರು ಬರುತ್ತದೆ. "ಪುಟ್ಟಿ ಬಿಂದಿಗೆ ಮೇಲೆ ಕೂತಿದ್ದು ನಾನಲ್ಲ ಪಕ್ಕದ ಮನೆಯವಳು ಅಚ್ಚು ಹಾಕಬೇಡ." ಇಷ್ಟಕ್ಕೆ ಇಪ್ಪತ್ತು ನಿಮಿಷ. ಕಳಿಸಿದೆ. ಸಂದೇಶದ ಕೆಳಗೆ ಒಂದೇ ಟಿಕ್ ಗೆರೆ ಬಂತು. ಅವಳಿಗೆ ತಲುಪಿದರೆ ಬರುವ ಎರಡನೆಯದಕ್ಕೆ ಕಾದೆ. ಬರಲಿಲ್ಲ. ಕರೆ ಮಾಡಿದೆ, ಸ್ವಿಚ್ ಆಫ್. ಆಗ ನೆನಪಾಯಿತು, ಪುಟ ಕಟ್ಟುವ ದಿನ ಅವರು ಫೋನುಗಳನ್ನು ಆಫ್ ಮಾಡಿ ಬಾಗಿಲ ಬಳಿ ಒಂದು ಪೆಟ್ಟಿಗೆಯಲ್ಲಿ ಹಾಕಬೇಕು.

ಎರಡೂಕಾಲಾಗಿತ್ತು. ಉಟ್ಟ ಸೀರೆಯಲ್ಲೇ ಹೊರಟೆ. ಆಟೋದವನಿಗೆ ನಾಗರಬಾವಿ ಅಂದೆ, ಬೇಗ ಅಂದೆ.

"ಆಸ್ಪತ್ರೆನಾ ಅಮ್ಮ?"

"ಕಾಲೇಜು."

ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ. "ಎಕ್ಸಾಮಾ?"

"ಹೂಂ ಕಣಪ್ಪ. ಫೇಲಾಗೋ ಎಕ್ಸಾಮು."

ರಸ್ತೆ ಅಗೆದಿದ್ದರು. ಪೈಪು ಹಾಕಲೋ ಕೇಬಲ್ ಹಾಕಲೋ. ಒಂದು ತಿರುವಿನಲ್ಲಿ ಆಟೋ ಹತ್ತು ನಿಮಿಷ ನಿಂತೇ ಇತ್ತು. ನಾನು ಫೋನ್ ತೆಗೆದು ನೋಡುವುದು, ಒಂದೇ ಗೆರೆ, ಮತ್ತೆ ಸೆರಗಿನಲ್ಲಿ ಸುತ್ತುವುದು.

ಕಾಲೇಜಿನ ಗೇಟಿನಲ್ಲಿ ಸೆಕ್ಯುರಿಟಿಯವನು ಅಡ್ಡ ಬಂದ. "ಅಜ್ಜಿ, ಪೇರೆಂಟ್ಸ್ ಮೀಟಿಂಗ್ ಇವತ್ತಿಲ್ಲ."

"ಇಂಟರ್‌ವ್ಯೂ ಕೊಡಕ್ಕೆ ಕರ್ಸಿದಾರೆ. ಪತ್ರಿಕೆಯವರು" ಎಂದು ತಲೆ ಎತ್ತಿ ಹೇಳಿದೆ. ಅವನೇ ಎರಡನೆಯ ಮಹಡಿಯವರೆಗೂ ಕರೆದುಕೊಂಡು ಹೋದ. ಸುಳ್ಳು ಒಪ್ಪಿಕೊಳ್ಳಲು ಹೋಗುತ್ತಾ ಇನ್ನೊಂದು ಸುಳ್ಳು ಹೇಳಿದೆನಲ್ಲ ಎಂದು ಮೆಟ್ಟಿಲ ಮೇಲೆ ಹೊಳೆಯಿತು. ಆದರೆ ಮಂಡಿ ನೋವಿನಲ್ಲಿ ಅದಕ್ಕೆ ಹೆಚ್ಚು ಗಮನ ಕೊಡಲಾಗಲಿಲ್ಲ.

ಕೋಣೆಯಲ್ಲಿ ಐದಾರು ಹುಡುಗ ಹುಡುಗಿಯರು ಒಂದೇ ಕಂಪ್ಯೂಟರಿನ ಮೇಲೆ ಬಗ್ಗಿದ್ದರು. ಪರದೆ ತುಂಬ ನಾನು. ನಗುತ್ತಾ, ಅವರೆಕಾಯಿ ಹಿಡಿದುಕೊಂಡು. ಮೇಲೆ ದಪ್ಪ ಅಕ್ಷರದಲ್ಲಿ, "ಜೀಪು ತಡೆದು ನೀರು ತಂದ ಅಜ್ಜಿ". ಕೆಳಗೆ ಮೊಮ್ಮಗಳ ಹೆಸರು. ಮುಖಪುಟ.

ನಿಜ ಹೇಳುತ್ತೇನೆ, ಒಂದು ಕ್ಷಣ ವಾಪಸ್ ಹೋಗಿಬಿಡೋಣ ಅನ್ನಿಸಿತು. ಫೋಟೋದಲ್ಲಿ ನಾನು ಬಹಳ ಚೆನ್ನಾಗಿದ್ದೆ.

"ಅಜ್ಜಿ! ಏನಾಯ್ತು?" ಮೊಮ್ಮಗಳು ಓಡಿ ಬಂದಳು.

"ಆ ಹೆಂಗಸು ನಾನಲ್ಲ ಪುಟ್ಟಿ."

ಯಾರೋ ಒಬ್ಬಳು ಕಿಸಕ್ಕೆಂದು ನಕ್ಕಳು, ತಕ್ಷಣ ನಿಲ್ಲಿಸಿದಳು. ಹಿಂದಿನಿಂದ ಅವರ ಮೇಡಂ ಎದ್ದು ಬಂದರು. ನಲವತ್ತರ ಆಸುಪಾಸಿನವರು, ಗಡಿಯಾರ ನೋಡುತ್ತಲೇ ಬಂದರು. ಮೂರೂ ಇಪ್ಪತ್ತು.

ಮೊಮ್ಮಗಳು ಅಳುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ಬಿಳಿಚಿಕೊಂಡಿತ್ತು, ಆದರೆ ಅವಳು ನೋಟ್ ಪುಸ್ತಕ ತೆಗೆದಳು.

"ಮತ್ತೆ ಯಾರು?"

"ಪಕ್ಕದ ಮನೇಲಿ ಬಾಡಿಗೆಗಿದ್ದೋಳು."

"ಈಗ ಎಲ್ಲಿದಾರೆ?"

"ಕೆಂಗೇರಿ ಉಪನಗರ. ಮಗಳ ಜೊತೆ. ಎರಡು ವರ್ಷದ ಹಿಂದೆ ಒಂದು ಮದುವೇಲಿ ಸಿಕ್ಕಿ ನಂಬರ್ ಕೊಟ್ಲು. ನಾನು ಒಂದಿನಾನೂ ಫೋನ್ ಮಾಡಿಲ್ಲ."

"ಭಜನೆ ಆಂಟಿ ನೋಡಿದೀನಿ ಅಂದ್ರಲ್ಲ?"

"ಅವಳು ಹಾಗೇನೇ."

ಮೊಮ್ಮಗಳು ಪೆನ್ನನ್ನು ಎಷ್ಟು ಜೋರಾಗಿ ಒತ್ತಿದಳೆಂದರೆ ಹಾಳೆ ತೂತಾಯಿತು. "ನಾನು ಕೇಳ್ಬೇಕಿತ್ತು" ಎಂದಳು, ನನಗಲ್ಲ, ಮೇಡಂಗೆ. "ಯಾವಾಗಿಂದ ಇಲ್ಲಿದೀರ ಅಂತ ಆಂಟಿನ ಕೇಳ್ಬೇಕಿತ್ತು."

"ಹೌದು, ಕೇಳ್ಬೇಕಿತ್ತು" ಎಂದರು ಮೇಡಂ. "ನಲವತ್ತು ನಿಮಿಷ ಇದೆ. ಸ್ಟೋರಿ ತೆಗೀತೀಯಾ, ಸರಿ ಮಾಡ್ತೀಯಾ? ತೆಗೆದ್ರೆ ಮುಖಪುಟಕ್ಕೆ ಬೇರೆಯವರ ಸ್ಟೋರಿ ಬರುತ್ತೆ. ಎಡಿಟರ್ ನೀನು. ನೀನೇ ಹೇಳು."

"ಸರಿ ಮಾಡ್ತೀನಿ ಮೇಡಂ."

"ಹಾಗಾದ್ರೆ ಅವರಿಗೆ ಫೋನ್ ಮಾಡು. ಇಲ್ಲಿ ಬೇಡ, ಹೊರಗೆ ಹೋಗಿ ಮಾಡು. ಅಜ್ಜಿನ ನಾನು ಇಲ್ಲೇ ಕೇಳ್ತೀನಿ. ಇಬ್ಬರ ಮಾತೂ ಕೂಡಿದ್ರೆ ಹಾಕೋಣ. ಕೂಡದಿದ್ರೆ ಇಲ್ಲ."

ನನ್ನ ಫೋನಿನಲ್ಲಿ "ಪಕ್ಕದ ಮನೆ" ಎಂದಿದ್ದ ನಂಬರನ್ನು ಒತ್ತಿಕೊಟ್ಟೆ. ಅವಳು ಫೋನ್ ತೆಗೆದುಕೊಂಡು ಕಾರಿಡಾರಿಗೆ ಹೋದಳು. ಗಾಜಿನಾಚೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಕರೆ ಹೋಗುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ. ಆಮೇಲೆ ಅವಳ ತಲೆ ಅಲ್ಲಾಡಿತು, ಕೈ ಬರೆಯತೊಡಗಿತು.

ಮೇಡಂ ನನಗೆ ಕುರ್ಚಿ ಕೊಟ್ಟರು. "ಅಮ್ಮ, ಒಂದ್ಸಲ ಸುಳ್ಳು ಹೇಳಿದೀರ. ನಿಮ್ಮನ್ನ ಹೇಗೆ ನಂಬಲಿ? ಅವತ್ತು ನೀವು ಎಲ್ಲಿದ್ರಿ?"

"ಕಿಟಕಿ ಹತ್ರ."

"ಏನು ನೋಡಿದ್ರಿ?"

ಹೇಳಿದೆ. ಅವಳ ಹಸಿರು ಸೀರೆ. ಬುಡ ನೆಗ್ಗಿದ ಹಿತ್ತಾಳೆ ಬಿಂದಿಗೆ. ಅವಳು ಒಬ್ಬಳೇ ಕೂತದ್ದು, ಬೀದಿಯ ಹೆಂಗಸರೆಲ್ಲ ಬಾಗಿಲ ಸಂದಿಯಲ್ಲಿ ನಿಂತದ್ದು.

"ನೀವ್ಯಾಕೆ ಹೋಗ್ಲಿಲ್ಲ?"

ಈ ಪ್ರಶ್ನೆಯನ್ನು ಇಷ್ಟು ವರ್ಷದಲ್ಲಿ ನನಗೆ ಯಾರೂ ಕೇಳಿರಲಿಲ್ಲ. ಆ ಎಂಜಿನಿಯರು ನಮ್ಮ ಯಜಮಾನರಿಗೆ ಪರಿಚಯ. ಹಿಂದಿನ ಭಾನುವಾರವಷ್ಟೇ ನಮ್ಮ ಮನೆಯಲ್ಲಿ ಕಾಫಿ ಕುಡಿದು ಹೋಗಿದ್ದರು. "ಅವಳು ನನ್ನ ಕೂಗಿದ್ಲು" ಎಂದೆ.

"ಏನಂತ? ಅವರು ಆಡಿದ ಮಾತು ನೆನಪಿದೆಯಾ?"

ನೆನಪಿಲ್ಲದೆ ಏನು. ಅದನ್ನು ಮರೆಯಲೆಂದೇ ಅಲ್ಲವೇ ಬೇರೆ ಕಥೆಯನ್ನು ಅಷ್ಟು ಸಲ ಹೇಳಿದ್ದು. "ಅಕ್ಕಾ, ನಿಮ್ಮ ದೊಡ್ಡ ಬಿಂದಿಗೆ ತಗೊಂಡ್ ಬನ್ನಿ, ನನ್ ಪಕ್ಕ ಜಾಗ ಇದೆ ಅಂತ. ನಾನು ಕಿಟಕಿ ಹಾಕ್ಕೊಂಡೆ. ನೀರು ಬಂದಾಗ ಮಾತ್ರ ಮೊದಲು ಹಿಡಿದೋಳು ನಾನೇ."

ಮೇಡಂ ಒಂದು ಚೀಟಿಯಲ್ಲಿ ಅದನ್ನು ಹಾಗೇ ಬರೆದುಕೊಂಡರು. ಮೂರೂ ನಲವತ್ತೆರಡಕ್ಕೆ ಮೊಮ್ಮಗಳು ಒಳಗೆ ಬಂದಳು. ನನ್ನ ಕಡೆ ನೋಡಲಿಲ್ಲ.

"ಓದು" ಎಂದರು ಮೇಡಂ.

ಹಸಿರು ಸೀರೆ, ಓದಿದಳು. ಹಿತ್ತಾಳೆ ಬಿಂದಿಗೆ, ಬುಡ ನೆಗ್ಗಿತ್ತು. ಮೂರು ಗಂಟೆ ಹೊತ್ತು. ಆಮೇಲೆ ನಿಲ್ಲಿಸಿದಳು.

"ಯಾರಾದ್ರೂ ಜೊತೆಗೆ ಬಂದ್ರಾ ಅಂತ ಕೇಳ್ದೆ ಮೇಡಂ. ಪಕ್ಕದ ಮನೆ ಅಕ್ಕನ್ನ ಕೂಗಿದ್ರಂತೆ. ನಿಮ್ಮ ದೊಡ್ಡ ಬಿಂದಿಗೆ ತಗೊಂಡ್ ಬನ್ನಿ, ನನ್ ಪಕ್ಕ ಜಾಗ ಇದೆ ಅಂತ." ಅವಳ ಧ್ವನಿ ಸಣ್ಣಗಾಯಿತು. "ಅವರು ಕಿಟಕಿ ಮುಚ್ಕೊಂಡ್ರಂತೆ. ಅದನ್ನ ಬರೀಬೇಡಮ್ಮ, ಪಾಪ, ಅವರ ಮನೇಲಿ ಏನು ಕಷ್ಟ ಇತ್ತೋ ಅಂದ್ರು."

ಮೇಡಂ ಚೀಟಿಯನ್ನು ಅವಳ ಮುಂದೆ ತಳ್ಳಿದರು. ಅವಳು ಓದಿದಳು. ಆಗ ನನ್ನನ್ನು ನೋಡಿದಳು.

"ಕಿಟಕಿ ವಿಷಯ ಬಿಡ್ಲಾ ಅಜ್ಜಿ?"

"ಬಿಟ್ರೆ ಅವಳ ಮಾತಿಗೆ ಎರಡನೇ ಸಾಕ್ಷಿ ಎಲ್ಲಿಂದ ತರ್ತೀಯೇ? ಬರಿ."

ಅವಳು ಕೂತಳು. ನನ್ನ ಫೋಟೋ ಮಾಯವಾಯಿತು. ಕೆಂಗೇರಿಯಿಂದ ಪಕ್ಕದ ಮನೆಯವಳ ಮಗಳು ಕಳಿಸಿದ ಫೋಟೋ ಆ ಜಾಗಕ್ಕೆ ಬಂತು, ಸ್ವಲ್ಪ ಮಸುಕು, ತಲೆಗೆ ಸೆರಗು. ನಾಲ್ಕಕ್ಕೆ ಮೂರು ನಿಮಿಷವಿರುವಾಗ ಮೇಡಂ ಕೊನೆಯ ಸಲ ಓದಿ, "ಕಳ್ಸು" ಎಂದರು.

ವಾಪಸ್ ಆಟೋದಲ್ಲಿ ಮೊಮ್ಮಗಳು ರಸ್ತೆ ನೋಡುತ್ತಾ ಕೂತಳು. ಚಂದ್ರಾ ಲೇಔಟ್ ದಾಟಿದ ಮೇಲೆ ತನ್ನ ಫೋನ್ ಆನ್ ಮಾಡಿದಳು. ಟಣ್ ಎಂದು ನನ್ನ ಸಂದೇಶ ಬಂತು. ಓದಿದಳು, ಮತ್ತೆ ಓದಿದಳು. ಇನ್ನೂ ಕೋಪವಿತ್ತು. ಆದರೆ ಆಟೋ ಹೊಂಡಕ್ಕೆ ಇಳಿದಾಗ ನನ್ನ ಕೈ ಹಿಡಿದುಕೊಂಡಳು, ಆಮೇಲೆ ಬಿಡಲು ಮರೆತಳು.

ಪತ್ರಿಕೆ ಬಂದ ದಿನ ಭಜನೆಯ ಗೆಳತಿ ಜಗಳಕ್ಕೇ ಬಂದಳು. "ನಾನು ಕೂತಿದ್ದು ಎಲ್ಲಿ ಹೋಯ್ತು?" ಎಂದಳು. ಮುಖಪುಟದ ಕೊನೆಯ ಸಾಲನ್ನು ತೋರಿಸಿದೆ. "ಆ ದಿನ ಕಿಟಕಿ ಮುಚ್ಚಿಕೊಂಡ ಪಕ್ಕದ ಮನೆಯವರು ಇದೆಲ್ಲ ನಿಜವೆಂದು ಈ ಪತ್ರಿಕೆಗೆ ಹೇಳಿದ್ದಾರೆ." ಅವಳು ಕನ್ನಡಕ ಏರಿಸಿ ಓದಿ, ಬಾಯಿಗೆ ಕೈ ಇಟ್ಟುಕೊಂಡಳು.

ಸಂಜೆ "ಪಕ್ಕದ ಮನೆ" ಎಂದು ಫೋನ್ ಹೊಡೆದುಕೊಂಡಿತು. ಮೂರು ಸಲ ಬಡಿದ ಮೇಲೆ ಎತ್ತಿದೆ.

"ಏನಕ್ಕಾ, ಕಿಟಕಿ ವಿಷಯ ಬೇಡ ಅಂತ ಮಗೂಗೆ ಹೇಳಿದ್ನಲ್ಲ."

"ಅದು ನನ್ನ ಕಿಟಕಿ ಕಣೇ. ನಿಂಗ್ಯಾಕೆ?"

ಅವಳು ನಕ್ಕಳು. ಅದೇ ನಗು, ಒಂದೆರಡು ಹಲ್ಲು ಕಮ್ಮಿ. "ಭಾನುವಾರ ಊಟಕ್ಕೆ ಬನ್ನಿ. ಮೆಟ್ರೋದಲ್ಲಿ ಬಂದ್ರೆ ಸೀದಾ. ದೊಡ್ಡ ಬಿಂದಿಗೆ ತರ್ಬೇಡಿ, ಇಲ್ಲಿ ನೀರು ಬರುತ್ತೆ."