ಅಜ್ಜನ ಅಂಜೂರ ಚಿಗುರಿತೆಂದು ಹೇಳಿದ ದಿನಗಳು

ಬಿಸಿಲಿಗೆ ಕಾದ ಅಂಜೂರದ ಎಲೆಗೆ ಒಂದು ಹಸಿ, ಸಿಹಿ ವಾಸನೆ ಇರುತ್ತದೆ. ಆರ್.ಟಿ. ನಗರದ ಯಾವುದಾದರೂ ಕಾಂಪೌಂಡಿನಾಚೆಯಿಂದ ಅದು ಬಂದರೆ ಇವತ್ತಿಗೂ ನಿಂತುಬಿಡುತ್ತೇನೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ಗಂಗಾನಗರದ ಬಾಡಿಗೆ ಮನೆಯಲ್ಲಿದ್ದೆವು. ಬಳ್ಳಾರಿ ಕಡೆಯ ತೋಟ ಕೈಬಿಟ್ಟುಹೋದಾಗ ಅಜ್ಜ ಒದ್ದೆ ಗೋಣಿಯಲ್ಲಿ ಸುತ್ತಿ ತಂದ ಮೂರು ಕಡ್ಡಿಗಳಲ್ಲಿ ಒಂದು ಆ ಹಿತ್ತಲಲ್ಲಿ ಬದುಕಿತ್ತು. ತೋಟದ್ದೆಂದು ನಮಗೆ ಉಳಿದದ್ದು ಅದೊಂದೇ. ಹಿತ್ತಲು ಕಳೆದುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೂರು ವರ್ಷವಾದರೂ ಗಿಡದಲ್ಲಿ ಬರೀ ಎಲೆ. ಮನೆಯ ಮಾಲೀಕ ಮುನಿಯಪ್ಪನವರಿಗೆ ಅದೇ ಜಾಗದಲ್ಲಿ ನೀರಿನ ಸಂಪು ಬೇಕಿತ್ತು. ಅಜ್ಜ ಕೈಮುಗಿದರು. "ಆಯ್ತು ಯಜಮಾನ್ರೆ, ಯುಗಾದಿಗಂಟ ನೋಡ್ತೀನಿ. ಒಂದು ಕಾಯಿ ಕಂಡ್ರೂ ಸಂಪು ಮುಂದ್ಗಡೆ ತೋಡಿಸ್ತೀನಿ," ಎಂದರು ಮುನಿಯಪ್ಪ. ಕಾಯಿ ಬರುವುದು ಹೊಸ ಚಿಗುರಿನಲ್ಲಿ. ಅದಕ್ಕೇ ಅಜ್ಜ ತಮ್ಮೂರಿನ ಕ್ರಮದಂತೆ, ದೀಪಾವಳಿ ಕಳೆದ ಮೇಲೆ, ನೀರು ನಿಲ್ಲಿಸಿ, ಎಲೆ ಉದುರಿಸಿ, ಪ್ರತಿ ಕೊಂಬೆಯಲ್ಲೂ ಚಿಗುರುವ ಕಣ್ಣು ಎರಡೇ ಉಳಿಯುವಂತೆ ಕತ್ತರಿಸಿ, ತುದಿಗಳಿಗೆ ಸಗಣಿ ಮೆತ್ತಿದರು. ಅವರ ದೃಷ್ಟಿ ಮಂಜಾಗಿತ್ತು. ಕೊಂಬೆ ಹಿಡಿದುಕೊಟ್ಟವಳು, ಎಣಿಸಿದವಳು ನಾನು. ನಲವತ್ತೆರಡು ಕಣ್ಣು ಎಂದು ಡೈರಿಯಲ್ಲಿ ಬರೆದುಕೊಂಡೆ. "ಏನ್ ಯಜಮಾನ್ರೆ, ಗಿಡಕ್ಕೆ ತಿರುಪ್ತಿ ಮುಡಿ ಕೊಡ್ಸ್ಬುಟ್ರಾ?" ಎಂದು ಮುನಿಯಪ್ಪ ನಕ್ಕರು. "ಹದಿನೈದು ದಿನ ತಡೀರಿ, ಆಮ್ಯಾಲೆ ನಗೋರು ಯಾರಂತ ನೋಡೂಣು," ಎಂದರು ಅಜ್ಜ.

ಹದಿನೈದು ದಿನವೆಂಬುದು ಬಳ್ಳಾರಿಯ ಬಿಸಿಲಿನ ಲೆಕ್ಕ. ಇಲ್ಲಿ ಹೆಬ್ಬಾಳ ಕೆರೆಯ ಕಡೆಯಿಂದ ಚಳಿಗಾಳಿ ಬೀಸುತ್ತಿತ್ತು. ಡೈರಿಯಲ್ಲಿ ದಿನವೂ ಸೊನ್ನೆ. ಕೆಮ್ಮು ಹಿಡಿದು ಮಲಗಿದ್ದ ಅಜ್ಜ ಪ್ರತಿ ಬೆಳಿಗ್ಗೆ "ಎಷ್ಟು ಒಡದಾವವ್ವ?" ಎಂದು ಕೇಳುತ್ತಿದ್ದರು, ಉತ್ತರ ಕೇಳಿ ಗೋಡೆಯ ಕಡೆ ತಿರುಗುತ್ತಿದ್ದರು. ಊಟ ಬಿಟ್ಟಿದ್ದರು. ಇಪ್ಪತ್ತೆಂಟನೆಯ ದಿನ ನನಗೆ ತಡೆಯಲಾಗದೆ "ಮೂರು" ಎಂದುಬಿಟ್ಟೆ. ಅಂದು ಅವರು ಎರಡನೆಯ ರೊಟ್ಟಿ ಕೇಳಿದರು. ಆಮೇಲೆ ಡೈರಿಯಲ್ಲಿ ಎರಡು ಸಾಲು ಮಾಡಿದೆ. ಕಂಡದ್ದು ಸೊನ್ನೆ, ಹೇಳಿದ್ದು ಏಳು, ಹನ್ನೊಂದು, ಹತ್ತೊಂಬತ್ತು. ಸುಳ್ಳಿಗೂ ತಾರೀಖು ಹಾಕಿದೆ.

ಸಂಕ್ರಾಂತಿಯ ಹೊತ್ತಿಗೆ ಕೆಮ್ಮು ಇಳಿಯಿತು. ಎಲೆ ಮುಟ್ಟಬೇಕೆಂದು ಅಜ್ಜ ಗೋಡೆ ಹಿಡಿದುಕೊಂಡು ಹಿತ್ತಲಿಗೆ ಬಂದರು. ಒಂದೊಂದೇ ಕೊಂಬೆಯನ್ನು ಬುಡದಿಂದ ತುದಿಯವರೆಗೆ ಬೆರಳಿನಿಂದ ತಡವಿದರು. ಅವರು ನನ್ನನ್ನು ಅನುಮಾನಿಸಲಿಲ್ಲ. "ಬಂದ ಚಿಗುರೆಲ್ಲ ಉದುರ್ಯಾವ. ಹಂಗಾದ್ರ ಗಿಡ ಸತ್ತಂಗ," ಎಂದರು. ಮುನಿಯಪ್ಪನವರನ್ನು ಅವರೇ ಕರೆಸಿದರು. "ಯುಗಾದಿ ಇನ್ನೂ ಐತಲ್ಲ, ಬುಡಿ," ಎಂದು ಮುನಿಯಪ್ಪ ಹೇಳಿದರೂ ಕೇಳದೆ, "ಸತ್ತದ್ದನ್ನ ಯಾಕ ನಿಲ್ಲಸೋದು? ತೋಡಸ್ರಿ," ಎಂದರು. ಚಿಗುರು ಬಂದೇ ಇರಲಿಲ್ಲ ಅಜ್ಜ, ಇನ್ನೂ ಬರಬೇಕಷ್ಟೆ, ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಬಾಗಿಲ ಹಿಂದೆ ನಿಂತಿದ್ದೆ.

ಮರುದಿನ ಕೂಲಿಯವನ ಗುದ್ದಲಿ ಬೇರನ್ನು ಸೀಳಿದ ಕಡೆ ಬೆಳ್ಳಗೆ, ದಪ್ಪಗೆ ಹಾಲು ಉಕ್ಕಿತು. ಅಜ್ಜ ಕುಳಿತು ಅದನ್ನು ಮುಟ್ಟಿದರು. ಬೆರಳಿಗೆ ಬೆರಳು ಅಂಟಿತು. "ಜೀವ ಐತಲ್ಲೋ ಇದಕ್ಕ," ಎಂದರು. ನನ್ನ ಕಡೆ ಮುಖ ಎತ್ತಿ ಕೇಳಿದರು: "ಹಂಗಾರ ಚಿಗುರು ಯಾಕ ಉದುರಿದ್ವವ್ವ?"

ಆಮೇಲೆ ಬದುಕಿದ್ದ ಎರಡು ವರ್ಷವೂ ಅವರು ಆಗಾಗ ಅದನ್ನೇ ಕೇಳುತ್ತಿದ್ದರು. ಗೊತ್ತಿಲ್ಲ ಅಜ್ಜ, ಎನ್ನುತ್ತಿದ್ದೆ.